ಹೊಸ ಕ್ಲಚ್ ಹಾಕಿಸಿದ ಮೇಲೆ ಗೇರ್ ಬೀಳಲಿಲ್ಲ: ನಾನು ಹುಡುಕಿದ್ದು ಹೀಗೆ

ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ಕಲಬುರಗಿಯೊಳಗೆ ಕಾರು ಓಡಿಸುವುದು ಅಂದರೆ ಅರ್ಧ ಕ್ಲಚ್ ಮೇಲೇ ಓಡಿಸುವುದು. ನನ್ನ ಹನ್ನೆರಡು ವರ್ಷದ ಸಣ್ಣ ಕಾರಿನ ಕ್ಲಚ್ ಆ ಗದ್ದಲದಲ್ಲೇ ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತಿತ್ತು, ಗಾಡಿ ಮುಂದಕ್ಕೆ ಹೋಗುತ್ತಿರಲಿಲ್ಲ. ಸುಟ್ಟ ವಾಸನೆ ಬೇರೆ. ಒಂದು ಗ್ಯಾರೇಜಿನಲ್ಲಿ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಹೊಸದು ಹಾಕಿಸಿದೆ.

ಗಾಡಿ ತಗೊಂಡು ಹೊರಟೆ. ರಾಮ ಮಂದಿರ ಸರ್ಕಲ್‌ನಲ್ಲಿ ನಿಂತಾಗ ಫಸ್ಟ್ ಗೇರ್ ಬೀಳಲೇ ಇಲ್ಲ. ಹಿಂದಿನವರ ಹಾರ್ನ್, ನನ್ನ ಕೈಯಲ್ಲಿ ಬೆವರು. ಎರಡು ಸಲ ಕ್ಲಚ್ ಒತ್ತಿ ಬಿಟ್ಟು, ಜೋರಾಗಿ ತಳ್ಳಿದ ಮೇಲೆ ಬಿತ್ತು. ಮನೆ ಮುಂದೆ ರಿವರ್ಸ್ ಹಾಕಿದೆ. ಕರ್ರ್ ಅಂತ ಹಲ್ಲು ಕಡಿದ ಹಾಗೆ ಸದ್ದು. ಆ ಸದ್ದು ಕೇಳಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಅಲ್ವಾ?

ಗ್ಯಾರೇಜಿನವರು "ಹೊಸಾದು ಅದರೀ, 500 ಕಿಲೋಮೀಟರ್ ಓಡಸ್ರೀ, ಸೆಟ್ ಆಗ್ತದ" ಅಂದರು. ಇನ್ನೊಂದು ಕಡೆ ತೋರಿಸಿದೆ. ಅಲ್ಲಿ "ಸಿಂಕ್ರೊ ಹೋಗ್ಯಾವ, ಗೇರ್‌ಬಾಕ್ಸ್ ಬಿಚ್ಚಬೇಕ್ರೀ" ಅಂದರು. ಸಿಂಕ್ರೊ ಅಂದರೆ ಗೇರ್ ಬೀಳುವ ಮೊದಲು ಒಳಗಿನ ಭಾಗಗಳ ವೇಗ ಸಮ ಮಾಡುವ ರಿಂಗ್. ಎರಡೂ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಕ್ಲಚ್ ಹಾಕಿಸುವ ಹಿಂದಿನ ದಿನದವರೆಗೂ ಗೇರ್ ಬೆಣ್ಣೆಯ ಹಾಗೆ ಬೀಳುತ್ತಿದ್ದವು. ಒಂದೇ ದಿನದಲ್ಲಿ ಸಿಂಕ್ರೊ ಸವೆಯುತ್ತದೆಯೇ? ಹಾಗಾದರೆ ತೊಂದರೆ ಇರಬೇಕಾದದ್ದು ಅವರು ಕೈ ಹಾಕಿದ ಜಾಗಗಳಲ್ಲಿ. ಒಂದು ಹಾಳೆ ತಗೊಂಡು, ಈ ಕೆಲಸಕ್ಕೆ ಏನೇನು ಬಿಚ್ಚಿರಬಹುದು ಅಂತ ಬರೆದೆ. ಕ್ಲಚ್ ಕೇಬಲ್, ಆ ಕೇಬಲ್ ಎಳೆಯುವ, ಗೇರ್‌ಬಾಕ್ಸ್ ಮೇಲಿನ ರಿಲೀಸ್ ಆರ್ಮ್, ಗೇರ್ ರಾಡ್, ಎರಡು ಡ್ರೈವ್ ಶಾಫ್ಟ್, ಗೇರ್‌ಬಾಕ್ಸ್ ಮೌಂಟ್.

ನಮ್ಮ ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ, ಸಮತಟ್ಟಾಗಿದೆ. ಬಿಸಿಲು ಏರುವ ಮೊದಲು, ಬೆಳಿಗ್ಗೆ ಆರಕ್ಕೆ ಶುರು ಮಾಡಿದೆ.

ಮೊದಲ ಪರೀಕ್ಷೆಗೆ ಒಂದು ಪಾನಾ ಕೂಡ ಬೇಡ. ಇಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ, ಒಂದೊಂದೇ ಗೇರ್ ಹಾಕಿ ನೋಡಿದೆ. ಫಸ್ಟ್ ಮತ್ತು ರಿವರ್ಸ್ ಸಲೀಸಾಗಿ ಬಿದ್ದವು. ಸೆಕೆಂಡ್ ಮಾತ್ರ ಸ್ವಲ್ಪ ಬಿಗಿ. ಆಮೇಲೆ ಇಂಜಿನ್ ಚಾಲೂ ಮಾಡಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು, ಮನಸ್ಸಿನಲ್ಲಿ ಹತ್ತು ಎಣಿಸಿ ರಿವರ್ಸ್ ಹಾಕಿದೆ. ಕರ್ರ್. ಇದರಲ್ಲಿ ಬಹಳ ವಿಷಯ ಇದೆ. ಈ ಗೇರ್‌ಬಾಕ್ಸ್‌ನಲ್ಲಿ ರಿವರ್ಸ್‌ಗೆ ಸಿಂಕ್ರೊ ಇಲ್ಲ. ಪೆಡಲ್ ಒತ್ತಿದಾಗ ಕ್ಲಚ್ ಇಂಜಿನ್ನನ್ನು ಗೇರ್‌ಬಾಕ್ಸ್‌ನಿಂದ ನಿಜವಾಗಿ ಬಿಡಿಸಿದ್ದರೆ ಒಳಗಿನ ಶಾಫ್ಟ್ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು, ಸದ್ದು ಬರಬಾರದು. ಹತ್ತು ಎಣಿಸಿದ ಮೇಲೂ ಸದ್ದು ಬಂತು ಅಂದರೆ ಇಂಜಿನ್ ಅದನ್ನು ಇನ್ನೂ ತಿರುಗಿಸುತ್ತಿದೆ, ಕ್ಲಚ್ ಪೂರ್ತಿ ಬಿಡಿಸುತ್ತಿಲ್ಲ. ಇಂಥ ಹೊತ್ತಿನಲ್ಲಿ ಗೇರ್ ಜೋರಾಗಿ ತಳ್ಳುತ್ತಾ ಹೋದರೆ ಚೆನ್ನಾಗಿರುವ ಸಿಂಕ್ರೊ ಕೂಡ ನಿಜವಾಗಿಯೇ ಹಾಳಾಗುತ್ತದೆ. 500 ಕಿಲೋಮೀಟರ್ ಓಡಿಸಿ ನೋಡಿ ಅನ್ನುವ ಮಾತಿಗೆ ನಾನು ಹೆದರಿದ್ದು ಅದಕ್ಕೇ.

ಮುಂದೆ ಪೆಡಲ್. ಮೊದಲು ಕಾಲಡಿಯ ಮ್ಯಾಟ್ ತೆಗೆದೆ. ಮ್ಯಾಟ್ ಮಡಚಿ ಪೆಡಲ್ ಕೆಳಗೆ ಸಿಕ್ಕಿಕೊಂಡರೂ ಇದೇ ತೊಂದರೆ ಬರುತ್ತದೆ. ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ, ಕೈಯಿಂದ ಮೆತ್ತಗೆ ಒತ್ತಿದೆ. ಗಟ್ಟಿ ಸಿಗುವ ಮೊದಲು ಪೆಡಲ್ ಸುಮ್ನೆ 45 ಮಿ.ಮೀ. ಇಳಿಯಿತು. ನನ್ನ ಕಾರಿಗೆ ಆ ಸಡಿಲ, ಅಂದರೆ ಪ್ಲೇ, 15ರಿಂದ 20 ಮಿ.ಮೀ. ಇದ್ದರೆ ಸಾಕು.

ಇಷ್ಟು ಪ್ಲೇ ಎಲ್ಲಿಂದ ಬಂತು ಅಂತ ಯೋಚಿಸುತ್ತಾ ಕೂತೆ. ಕ್ಲಚ್ ಪ್ಲೇಟ್ ಸವೆದ ಹಾಗೆ ಪ್ರೆಷರ್ ಪ್ಲೇಟ್ ಇಂಜಿನ್ನಿನ ಜೊತೆ ತಿರುಗುವ ಚಕ್ರದ, ಅಂದರೆ ಫ್ಲೈವೀಲ್‌ನ, ಕಡೆ ಸರಿಯುತ್ತದೆ. ಅದರ ಸ್ಪ್ರಿಂಗ್ ಬೆರಳುಗಳು ತಿರುಗಿ, ಪೆಡಲ್ ಒತ್ತಿದಾಗ ಅವನ್ನು ತಳ್ಳುವ ರಿಲೀಸ್ ಬೇರಿಂಗ್ ಕಡೆ ಬರುತ್ತವೆ. ಹಾಗಾಗಿ ಪ್ಲೇ ಕಡಿಮೆಯಾಗುತ್ತಾ ಹೋಗುತ್ತದೆ, ಮೆಕ್ಯಾನಿಕ್ ಪ್ರತಿ ಸರ್ವಿಸ್‌ನಲ್ಲಿ ಕೇಬಲ್ ನಟ್ ಸ್ವಲ್ಪ ಸಡಿಲ ಮಾಡುತ್ತಾರೆ. ನನ್ನ ಕಾರಿನಲ್ಲೂ ವರ್ಷಗಟ್ಟಲೆ ಹಾಗೇ ನಡೆದಿತ್ತು. ಹೊಸ ದಪ್ಪ ಪ್ಲೇಟ್ ಬಂದಾಗ ಬೆರಳುಗಳು ಮತ್ತೆ ಒಳಗೆ ಹೋದವು. ನಟ್ ಮಾತ್ರ ಹಳೆಯ ಪ್ಲೇಟಿನ ಲೆಕ್ಕದಲ್ಲೇ ಉಳಿಯಿತು.

ಬಾನೆಟ್ ಎತ್ತಿ ನಟ್ ಬಿಗಿ ಮಾಡುತ್ತಾ ಬಂದೆ. ಫಸ್ಟ್ ಸುಧಾರಿಸಿತು. ಆದರೆ ಪ್ಲೇ 28 ಮಿ.ಮೀ.ಗೆ ಬಂದಾಗ ಕೇಬಲ್ಲಿನ ಥ್ರೆಡ್ ಮುಗಿಯಿತು! ಇಂಜಿನ್ ಬಿಸಿಯಾದರೆ ರಿವರ್ಸ್ ಇನ್ನೂ ಸಣ್ಣಗೆ ಕಡಿಯುತ್ತಿತ್ತು. ಕೇಬಲ್ ಹಿಗ್ಗಿದೆ, ಹೊಸದು ತರೋಣ ಅಂತ ಸೂಪರ್ ಮಾರ್ಕೆಟ್ ಕಡೆ ಹೊರಟವನು ಅರ್ಧ ದಾರಿಯಿಂದ ವಾಪಸ್ ಬಂದೆ. ಹಾಳೆಯಲ್ಲಿ ಕೇಬಲ್ ಪಕ್ಕದಲ್ಲೇ ಇನ್ನೊಂದು ಹೆಸರಿತ್ತು, ರಿಲೀಸ್ ಆರ್ಮ್. ಅದನ್ನು ನೋಡಿಯೇ ಇರಲಿಲ್ಲ.

ಏರ್ ಫಿಲ್ಟರ್ ಡಬ್ಬಿ ತೆಗೆದು, ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿ, ಟಾರ್ಚ್ ಹಿಡಿದೆ. ಈ ಆರ್ಮ್ ಹಲ್ಲಿರುವ ಶಾಫ್ಟ್ ಮೇಲೆ ಕೂರುತ್ತದೆ. ಶಾಫ್ಟ್ ಮೇಲೊಂದು ಪಂಚ್ ಚುಕ್ಕೆ, ಆರ್ಮ್ ಮೇಲೊಂದು ಚುಕ್ಕೆ. ಎರಡೂ ಎದುರುಬದುರು ಇರಬೇಕು. ನನ್ನದರಲ್ಲಿ ಒಂದು ಹಲ್ಲು ಪಕ್ಕಕ್ಕೆ ಕೂತಿತ್ತು. ಜಿಡ್ಡಿನಲ್ಲಿ ಚುಕ್ಕೆ ಕಾಣದೆ, ಅಂದಾಜಿನ ಮೇಲೆ ಕೂರಿಸಿರಬೇಕು. ಕೇಬಲ್ ಸಡಿಲ ಮಾಡಿ, ಬೋಲ್ಟ್ ಬಿಚ್ಚಿ, ಆರ್ಮ್ ಎಳೆದು ಚುಕ್ಕೆಗೆ ಚುಕ್ಕೆ ಸೇರಿಸಿ ಹಾಕಿದೆ. ನಟ್ ಈಗ ಥ್ರೆಡ್ಡಿನ ನಡುವೆಯೇ ನಿಂತಿತು, ಪ್ಲೇ 18 ಮಿ.ಮೀ. ಪ್ಲೇ ಒಂದಿಷ್ಟೂ ಉಳಿಯದ ಹಾಗೆ ನಟ್ ಬಿಗಿ ಮಾಡಬಾರದು. ಪ್ಲೇ ಇಲ್ಲದಿದ್ದರೆ ಬೇರಿಂಗ್ ಸದಾ ಉಜ್ಜುತ್ತಿರುತ್ತದೆ, ಕ್ಲಚ್ ಜಾರಿ ಹೊಸ ಪ್ಲೇಟೂ ಸುಡುತ್ತದೆ.

ಇಂಜಿನ್ ಚಾಲೂ ಮಾಡಿದೆ. ರಿವರ್ಸ್ ಹಾಕಿದೆ. ಸದ್ದಿಲ್ಲ. ಮತ್ತೆ ಹಾಕಿದೆ, ಸದ್ದಿಲ್ಲ. ಒಳಗಿನಿಂದ ಹೆಂಡತಿ ಬಂದು ನೋಡುವಷ್ಟು ಸಲ ಹಾಕಿ ತೆಗೆದೆ.

ಇದಾದ ಮೇಲೂ ಪ್ಲೇ ಸರಿ ಇದ್ದು ಕಡಿಯುತ್ತಿದ್ದರೆ ಗೇರ್‌ಬಾಕ್ಸ್ ಇಳಿಸಲೇಬೇಕಿತ್ತು. ಪ್ಲೇಟ್ ತಿರುವುಮುರುವಾಗಿ ಕೂತಿರಬಹುದು. ಜೋಡಿಸುವಾಗ ಗೇರ್‌ಬಾಕ್ಸಿನ ಭಾರವೆಲ್ಲ ಪ್ಲೇಟಿನ ಮೇಲೆ ಬಿದ್ದು ಅದು ಬಾಗಿರಬಹುದು. ಅದೃಷ್ಟಕ್ಕೆ ನನಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ.

ಉಳಿದದ್ದು ಸೆಕೆಂಡ್ ಗೇರಿನ ಬಿಗಿ. ಅದು ಇಂಜಿನ್ ಆಫ್ ಇದ್ದಾಗಲೂ ಇತ್ತು, ಹಾಗಾಗಿ ಕ್ಲಚ್‌ಗೆ ಸಂಬಂಧವಿಲ್ಲ. ಡ್ರೈವ್ ಶಾಫ್ಟ್ ಎಳೆದಾಗ ಗೇರ್ ಆಯಿಲ್ ಸುರಿದು ಹೋಗುತ್ತದೆ. ಲೆವೆಲ್ ಪ್ಲಗ್ ಬಿಚ್ಚಿ ಬೆರಳು ಹಾಕಿದೆ, ಎಣ್ಣೆ ತಗಲಲಿಲ್ಲ. ಅದು ತೂತಿನ ಅಂಚಿನವರೆಗೆ ಇರಬೇಕು. 75ಡಬ್ಲ್ಯೂ-90 ದಪ್ಪದ, ಜಿಎಲ್-4 ದರ್ಜೆಯ ಗೇರ್ ಎಣ್ಣೆ ತಂದು ಹಾಕಿದೆ, ಅರ್ಧ ಲೀಟರಿಗಿಂತ ಜಾಸ್ತಿ ಹಿಡಿಯಿತು. ಅಂಗಡಿಯವರು ಜಿಎಲ್-5 ಕೊಡಲು ಬಂದರು, ನಾನು ಬೇಡ ಅಂದೆ. ಕೆಲವು ಜಿಎಲ್-5 ಎಣ್ಣೆಗಳ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗ್‌ಗೆ ಒಳ್ಳೆಯದಲ್ಲ. ಎರಡು ದಿನ ಓಡಿಸುವಷ್ಟರಲ್ಲಿ ಬಿಗಿ ಹೋಯಿತು.

ಭಾನುವಾರ ಅವ್ವನನ್ನು ಕರೆದುಕೊಂಡು ದೇವಲ ಗಾಣಗಾಪುರಕ್ಕೆ ಹೋಗಿ ಬಂದೆ. ದಾರಿಯಲ್ಲಿ ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒಮ್ಮೆಲೇ ಒತ್ತಿ ನೋಡಿದೆ. ಇಂಜಿನ್ ಸದ್ದಿನ ಜೊತೆಗೇ ವೇಗವೂ ಏರಿತು, ಕ್ಲಚ್ ಜಾರಲಿಲ್ಲ. ಮಾರನೇ ದಿನ ಮೊದಲಿನ ಗ್ಯಾರೇಜಿಗೆ ಹೋಗಿ ಆ ಎರಡು ಚುಕ್ಕೆ ತೋರಿಸಿದೆ. ಯಜಮಾನರು ಬಗ್ಗಿ ನೋಡಿದರು, ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕೆಲಸದ ಹುಡುಗರನ್ನೆಲ್ಲ ಕರೆದು ಬಾನೆಟ್ ಸುತ್ತ ನಿಲ್ಲಿಸಿದರು.