ಕಾರ್ಪೆಟ್ ಹಾಕಿದ್ದು ಯಾವಾಗ? ಡೆಪಾಸಿಟ್ ವಾಪಸ್ ಪಡೆದ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನಲ್ಲಿ ನಾವು ಮೂರು ವರ್ಷಕ್ಕೂ ಜಾಸ್ತಿ ಬಾಡಿಗೆಗೆ ಇದ್ದೆವು. 2025ರ ಬೇಸಿಗೆಯಲ್ಲಿ ಖಾಲಿ ಮಾಡಿದೆವು. ಕೊಟ್ಟಿದ್ದ ಡೆಪಾಸಿಟ್ 2,800 ಡಾಲರ್, ಬಂದ ಚೆಕ್ 250 ಡಾಲರಿನದು. ಜೊತೆಗೆ ಒಂದು ಹಾಳೆ: ಪೇಂಟಿಂಗ್ 850, ಹೊಸ ಕಾರ್ಪೆಟ್ 1,400, ಕ್ಲೀನಿಂಗ್ 300. ಒಂದು ರಸೀದಿ ಇಲ್ಲ, ಫೋಟೊ ಇಲ್ಲ.

ಬೆಂಗಳೂರಲ್ಲಿ ಬಾಡಿಗೆ ಮನೆ ಬಿಟ್ಟವರಿಗೆ ಇದು ಹೊಸದೇನಲ್ಲ. ಅಲ್ಲಿ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಎಷ್ಟೋ ಅಗ್ರಿಮೆಂಟಲ್ಲೇ ಬರೆದಿರುತ್ತದೆ. ಅದಕ್ಕೇ ಇರಬೇಕು, ನಮ್ಮವರು ಬಹಳ ಜನ ಇಲ್ಲೂ "ಹೋಗ್ಲಿ ಬಿಡಿ" ಅಂದು ಸುಮ್ಮನಾಗುತ್ತಾರೆ. ಇನ್ನು ಕೆಲವರಿಗೆ ವೀಸಾ ಭಯ. "ಕೋರ್ಟು ಕಚೇರಿ ಅಂತ ಹೋದ್ರೆ ನಾಳೆ ಗ್ರೀನ್ ಕಾರ್ಡಿಗೆ ತೊಂದರೆ ಆಗಲ್ವಾ?" ಅಂತ ನನ್ನನ್ನೇ ಕೇಳಿದರು. ಇದು ಸಿವಿಲ್ ವ್ಯವಹಾರ, ಹಣದ ಲೆಕ್ಕ ಅಷ್ಟೇ. ಕೇಸ್ ಹಾಕುವ ಅರ್ಜಿಯಲ್ಲಿ ವೀಸಾ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ.

ಇಲ್ಲಿ ಕಾನೂನು ಬಾಡಿಗೆದಾರರ ಕಡೆ ಚೆನ್ನಾಗಿಯೇ ಇದೆ. ಸಿವಿಲ್ ಕೋಡ್ 1950.5 ಅನ್ನುವ ಕಲಮನ್ನು ಒಮ್ಮೆ ಪೂರ್ತಿ ಓದಿದರೆ ಸಾಕು. ಮನೆ ಬಿಟ್ಟ 21 ದಿನದೊಳಗೆ ಮಾಲೀಕರು ಡೆಪಾಸಿಟ್ ಕೊಡಬೇಕು, ಮುರಿದುಕೊಂಡಿದ್ದರೆ ಅದರ ವಿವರ ಕೊಡಬೇಕು. ರಿಪೇರಿ, ಕ್ಲೀನಿಂಗ್ ಸೇರಿ ಮುರಿದದ್ದು 125 ಡಾಲರ್ ದಾಟಿದರೆ ಬಿಲ್ಲು, ರಸೀದಿ ಸೇರಿಸಲೇಬೇಕು. 2025ರ ಏಪ್ರಿಲ್‌ನಿಂದ ಇನ್ನೊಂದು ನಿಯಮ ಸೇರಿದೆ: ಮನೆ ಕೈಗೆ ಬಂದ ಮೇಲೆ, ರಿಪೇರಿಗೆ ಮುಂಚೆ ಮತ್ತು ಆಮೇಲೆ, ಫೋಟೊ ತೆಗೆದಿರಬೇಕು. ದಿನ ಬಳಸಿ ಸವೆದದ್ದಕ್ಕೆ ದುಡ್ಡು ಕೇಳುವ ಹಾಗಿಲ್ಲ. ಅದೂ ಅಲ್ಲದೆ, ಮುರಿದುಕೊಂಡದ್ದು ಸರಿ ಅಂತ ತೋರಿಸುವ ಹೊಣೆ ಮಾಲೀಕರದು, ನಮ್ಮದಲ್ಲ.

ಮೊದಲು ಪತ್ರ ಬರೆದೆ. ಕೋರ್ಟಿಗೆ ಹೋಗುವ ಮುಂಚೆ ಹಣ ಕೇಳಿರಬೇಕು ಅನ್ನುವುದೂ ನಿಯಮವೇ. ಒಂದೇ ಪುಟ. ಬಯ್ಯಲಿಲ್ಲ, ಬೇಡಲೂ ಇಲ್ಲ. ಎಷ್ಟು ಕೊಟ್ಟಿದ್ದೆ, ಎಷ್ಟು ಬಂತು, ಯಾವ ಕಲಮಿನ ಪ್ರಕಾರ ಬಾಕಿ ಕೊಡಬೇಕು, ಯಾವ ತಾರೀಖಿನೊಳಗೆ, ಇಲ್ಲದಿದ್ದರೆ ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ (ಸಣ್ಣ ಮೊತ್ತದ ವ್ಯಾಜ್ಯಗಳ ಕೋರ್ಟು) ಹೋಗುತ್ತೇನೆ, ಇಷ್ಟೇ. ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿದೆ, ಇಮೇಲ್ ಕೂಡ ಮಾಡಿದೆ. "ನಮ್ಮ ಲೆಕ್ಕ ಸರಿಯಾಗಿದೆ" ಅಂತ ಎರಡು ಸಾಲಿನ ಉತ್ತರ ಬಂತು. ಅದನ್ನೂ ಪ್ರಿಂಟ್ ತೆಗೆದಿಟ್ಟೆ.

ನಿಜವಾಗಿ ತಲೆ ತಿಂದದ್ದು ಕೇಸ್ ಯಾರ ಮೇಲೆ ಹಾಕಬೇಕು ಅನ್ನುವ ಪ್ರಶ್ನೆ. ಗೇಟಿನ ಬೋರ್ಡಿನ ಮೇಲೆ ಒಂದು ಹೆಸರು. ಬಾಡಿಗೆದಾರರ ಆ್ಯಪಿನಲ್ಲಿ ಇನ್ನೊಂದು, ಅದು ನಿರ್ವಹಣೆ ಮಾಡುವ ಕಂಪನಿ. ಲೀಸಿನ ಮೊದಲ ಪುಟದಲ್ಲಿ ಮಾಲೀಕರು ಅಂತ ಮೂರನೆಯದೊಂದು ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ. ಬೋರ್ಡಿನ ಹೆಸರಿಗೆ ಕೇಸ್ ಹಾಕಿದರೆ ಗೆದ್ದರೂ ಕಷ್ಟ, ಆ ಹೆಸರಿನಲ್ಲಿ ಬ್ಯಾಂಕ್ ಖಾತೆಯೇ ಇರುವುದಿಲ್ಲ. ಕಂಪನಿಗಳ ನೋಂದಣಿ ನೋಡಿಕೊಳ್ಳುವ ಕ್ಯಾಲಿಫೋರ್ನಿಯಾ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ವೆಬ್‌ಸೈಟಿನಲ್ಲಿ ಯಾವ ಕಂಪನಿಯನ್ನಾದರೂ ಪುಕ್ಕಟೆ ಹುಡುಕಬಹುದು. ಅಲ್ಲಿ ಸರಿಯಾದ ಕಾನೂನು ಹೆಸರು, ಕೋರ್ಟ್ ಕಾಗದ ತೆಗೆದುಕೊಳ್ಳಲು ಕಂಪನಿ ನೇಮಿಸಿರುವ ಏಜೆಂಟರ ವಿಳಾಸ ಎರಡೂ ಸಿಗುತ್ತವೆ. ಮಾಲೀಕ ಎಲ್‌ಎಲ್‌ಸಿ ಮತ್ತು ನಿರ್ವಹಣಾ ಕಂಪನಿ ಇಬ್ಬರನ್ನೂ ಪ್ರತಿವಾದಿ ಮಾಡಿದೆ. ಒಂದು ಅಲ್ಪವಿರಾಮವೂ ಬಿಡದೆ ಅಲ್ಲಿದ್ದ ಹಾಗೇ ಹೆಸರು ಬರೆದೆ. ಈ ಹಂತದಲ್ಲಿ ನನಗೆ ನೆರವಾದವರು ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಸ್ಮಾಲ್ ಕ್ಲೇಮ್ಸ್ ಸಲಹೆಗಾರರು. ಪ್ರತಿ ಕೌಂಟಿಯಲ್ಲೂ ಈ ಸೇವೆ ಇದೆ, ಫೀಸಿಲ್ಲ. ಅದೇಕೋ ನಮ್ಮವರಲ್ಲಿ ಯಾರಿಗೂ ಗೊತ್ತೇ ಇಲ್ಲ.

ಅರ್ಜಿಯ ಹೆಸರು ಎಸ್‌ಸಿ-100. ಒಬ್ಬ ವ್ಯಕ್ತಿ ಇಲ್ಲಿ 12,500 ಡಾಲರ್‌ವರೆಗೆ ಕೇಳಬಹುದು. ಮಾಲೀಕರು ದುರುದ್ದೇಶದಿಂದ ಹಿಡಿದಿಟ್ಟುಕೊಂಡಿದ್ದರೆ ಡೆಪಾಸಿಟ್‌ನ ಎರಡು ಪಟ್ಟಿನವರೆಗೆ ದಂಡವನ್ನೂ ಕೋರ್ಟು ಹಾಕಬಹುದು. ನಾನು ಬಾಕಿ 2,550ರ ಜೊತೆ ಅದನ್ನೂ ಸೇರಿಸಿ 8,150 ಕೇಳಿದೆ. ಫೀಸು 75 ಡಾಲರ್. ಬರೀ ಬಾಕಿ ಕೇಳಿದ್ದರೆ 50 ಆಗುತ್ತಿತ್ತು.

ಕೇಸಿನ ಕಾಗದವನ್ನು ಪ್ರತಿವಾದಿಗೆ ನಾವೇ ಹೋಗಿ ಕೊಡುವಂತಿಲ್ಲ. 18 ತುಂಬಿದ, ಕೇಸಿಗೆ ಸಂಬಂಧವಿಲ್ಲದ ಯಾರಾದರೂ ಕೊಡಬೇಕು. ಏಜೆಂಟ್ ಇದ್ದದ್ದು ಸ್ಯಾಕ್ರಮೆಂಟೊದಲ್ಲಿ. ಹಾಗಾಗಿ ಅಲ್ಲಿಯೇ ದುಡ್ಡು ಕೊಟ್ಟು ಒಬ್ಬ ಪ್ರೊಸೆಸ್ ಸರ್ವರ್‌ಗೆ (ಕೋರ್ಟ್ ಕಾಗದ ತಲುಪಿಸುವವರು) ವಹಿಸಿದೆ. ಪ್ರತಿವಾದಿ ಕೋರ್ಟ್ ಇರುವ ಕೌಂಟಿಯವರೇ ಆದರೆ ವಿಚಾರಣೆಗೆ 15 ದಿನ ಮುಂಚೆ, ಬೇರೆ ಕೌಂಟಿಯಾದರೆ 20 ದಿನ ಮುಂಚೆ ತಲುಪಿರಬೇಕು. ತಲುಪಿದ್ದಕ್ಕೆ ಪುರಾವೆಯಾಗಿ ಎಸ್‌ಸಿ-104 ಫಾರಂ ಕೋರ್ಟಿಗೆ ಕೊಡಬೇಕು.

ಇಲ್ಲಿ ವಕೀಲರಿಗೆ ಜಾಗವಿಲ್ಲ. ವಿಚಾರಣೆಯ ದಿನ ನಮ್ಮ ಎದುರು ಬಂದದ್ದು ಅಪಾರ್ಟ್‌ಮೆಂಟ್ ಆಫೀಸಿನ ಮ್ಯಾನೇಜರ್. ಒಳಗೆ ಹೋಗುವ ಮುಂಚೆ ಇಬ್ಬರೂ ತಂದ ದಾಖಲೆಗಳನ್ನು ಒಬ್ಬರಿಗೊಬ್ಬರು ತೋರಿಸಿ ಅಂತ ಕೋರ್ಟಿನವರು ಅಂದರು. ಮ್ಯಾನೇಜರ್ ಕೈಯಲ್ಲಿ ನನಗೆ ಕಳಿಸಿದ್ದ ಅದೇ ಹಾಳೆ ಇತ್ತು, ಜೊತೆಗೆ ಕಾರ್ಪೆಟ್ ಅಂಗಡಿಯ ಒಂದು ಕೊಟೇಶನ್. ನನ್ನ ಕೈಯಲ್ಲಿ ಲೀಸು, ಮನೆಗೆ ಬಂದ ದಿನ ತುಂಬಿಸಿದ ಚೆಕ್‌ಲಿಸ್ಟು, ಖಾಲಿ ಮಾಡಿದ ದಿನದ ಫೋಟೊಗಳು, ಪತ್ರವ್ಯವಹಾರ. ಎಲ್ಲದಕ್ಕೂ ಮೂರು ಪ್ರತಿ.

ನಾವು ಎಷ್ಟು ಒಳ್ಳೆಯ ಬಾಡಿಗೆದಾರರು, ಬಾಡಿಗೆ ಎಂದೂ ತಡ ಮಾಡಿಲ್ಲ ಅನ್ನುವ ಮಾತು ಅಲ್ಲಿ ಯಾರಿಗೂ ಬೇಕಿಲ್ಲ. ಸಿಗುವುದು ಕೆಲವೇ ನಿಮಿಷ. ನಾನು ವಸ್ತುಗಳ ವಯಸ್ಸಿನ ಬಗ್ಗೆ ಮಾತ್ರ ಮಾತಾಡಿದೆ. ರಾಜ್ಯ ಸರ್ಕಾರವೇ ಹೊರತಂದ ಬಾಡಿಗೆದಾರರ ಕೈಪಿಡಿಯಲ್ಲಿ ಲೆಕ್ಕ ಹಾಕುವ ಒಂದು ದಾರಿ ಇದೆ. ಒಳಗಿನ ಪೇಂಟಿನ ಆಯಸ್ಸು ಎರಡು ವರ್ಷ ಅಂತ ಇಟ್ಟುಕೊಂಡರೆ, ಅದಕ್ಕಿಂತ ಜಾಸ್ತಿ ಇದ್ದವರಿಂದ ಪೇಂಟಿಂಗಿಗೆ ಏನೂ ಮುರಿಯುವಂತಿಲ್ಲ. ಕಾರ್ಪೆಟ್‌ಗೂ ಹಾಗೇ. ಹತ್ತು ವರ್ಷ ಬಾಳುವ ಕಾರ್ಪೆಟ್ಟು ಎಂಟು ವರ್ಷ ಹಳೆಯದಾಗಿದ್ದಾಗ ಹಾಳಾದರೆ, ಉಳಿದ ಎರಡು ವರ್ಷದ ಬೆಲೆ ಮಾತ್ರ ಬಾಡಿಗೆದಾರರ ತಲೆಗೆ. ಈ ಪುಟಗಳನ್ನೂ ಪ್ರಿಂಟ್ ಮಾಡಿ ಕೊಟ್ಟೆ.

ಜಡ್ಜ್ ಮ್ಯಾನೇಜರ್ ಕಡೆ ತಿರುಗಿ, ಈ ಕಾರ್ಪೆಟ್ ಹಾಕಿದ್ದು ಯಾವಾಗ ಅಂತ ಕೇಳಿದರು. ಆಕೆಗೆ ಗೊತ್ತಿರಲಿಲ್ಲ. ನಾವು ಬಂದ ದಿನದ ಚೆಕ್‌ಲಿಸ್ಟಿನಲ್ಲಿ "ಹಾಲ್ ಕಾರ್ಪೆಟ್ ಸವೆದಿದೆ" ಅಂತ ಬರೆದು, ಕೆಳಗೆ ಅವರ ಆಫೀಸಿನವರೇ ಸಹಿ ಹಾಕಿದ್ದರು. ಪೇಂಟಿಂಗ್ ಬಿಲ್ಲು ಕೇಳಿದರು. ಅದೂ ಇರಲಿಲ್ಲ.

ಒಂದು ಕಡೆ ಮಾತ್ರ ಆಕೆಯ ಮಾತಲ್ಲಿ ಹುರುಳಿತ್ತು. ದೇವರು ಇಟ್ಟಿದ್ದ ಮೂಲೆಯಲ್ಲಿ ದೀಪದ ಎಣ್ಣೆ ಕಾರ್ಪೆಟ್ ಮೇಲೆ ಇಳಿದು ಕಪ್ಪಗೆ ಕಲೆ ಕಟ್ಟಿತ್ತು. ಅದು ಸವೆತ ಅಲ್ಲ, ನಮ್ಮದೇ ಕಲೆ. ಹೌದು ಅಂತಲೇ ಹೇಳಿದೆ.

ತೀರ್ಪು ಅಲ್ಲೇ ಹೇಳಲಿಲ್ಲ, ಅಂಚೆಯಲ್ಲಿ ಬಂತು. ಎಣ್ಣೆ ಕಲೆಗೆ 150 ಡಾಲರ್ ಮುರಿದು, ಉಳಿದ 2,400 ಕೊಡಬೇಕು, ಕೋರ್ಟ್ ಫೀಸು ಮತ್ತು ಪ್ರೊಸೆಸ್ ಸರ್ವರ್ ಖರ್ಚೂ ಕೊಡಬೇಕು ಅಂತ ಇತ್ತು. ಎರಡು ಪಟ್ಟು ದಂಡ ಸಿಗಲಿಲ್ಲ. ಇಷ್ಟು ಸಲೀಸಾಗಿ ರಸೀದಿ ಇಲ್ಲದೆ ಮುರಿದುಕೊಳ್ಳುವುದು ದುರುದ್ದೇಶ ಅಲ್ಲದಿದ್ದರೆ ಇನ್ನೇನು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಆದರೆ ಕೇಸ್ ಹಾಕಿದವರಿಗೆ ಇಲ್ಲಿ ಮೇಲ್ಮನವಿ ಇಲ್ಲ. ಪ್ರತಿವಾದಿ ಮಾತ್ರ 30 ದಿನದೊಳಗೆ ಮೇಲ್ಮನವಿಗೆ ಹೋಗಬಹುದು, ಆಗ ವಕೀಲರೂ ಬರಬಹುದು.

ಹಣ ವಸೂಲಿ ಮಾಡಿಕೊಡುವುದು ಕೋರ್ಟಿನ ಕೆಲಸವಲ್ಲ, ಅದು ಗೆದ್ದವರದೇ ಪಾಡು. ಕೊಡದಿದ್ದರೆ ಕೋರ್ಟಿನಿಂದ ರಿಟ್ (ವಸೂಲಿ ಆದೇಶ) ಪಡೆದು ಕೌಂಟಿಯ ಪೊಲೀಸ್ ಅಧಿಕಾರಿ ಶೆರಿಫ್ ಮೂಲಕ ಬ್ಯಾಂಕ್ ಖಾತೆಗೆ ಕೈ ಹಾಕಬೇಕು. ಅಲ್ಲಿಯವರೆಗೆ ವರ್ಷಕ್ಕೆ ಶೇ 10 ಬಡ್ಡಿ ಬೆಳೆಯುತ್ತದೆ. ಬಾಡಿಗೆ ಚೆಕ್ ಬಿದ್ದ ಬ್ಯಾಂಕಿನ ವಿವರ ನನ್ನ ಹಳೆಯ ಚೆಕ್ಕುಗಳ ಹಿಂಬದಿಯಲ್ಲೇ ಇತ್ತು, ಅದನ್ನು ಮೊದಲೇ ತೆಗೆದಿಟ್ಟಿದ್ದೆ. ಅದು ಬೇಕಾಗಲಿಲ್ಲ. ಮೇಲ್ಮನವಿಯ ಗಡುವು ಮುಗಿಯುವ ಮುಂಚೆಯೇ ಪೂರ್ತಿ ಹಣದ ಚೆಕ್ ಬಂತು. ಹಣ ಸಂದಾಯವಾಗಿದೆ ಅಂತ ಬರೆದು ಕೋರ್ಟಿಗೆ ಕಳಿಸಿದೆ. ಅದನ್ನು ಗೆದ್ದವರೇ ಕಳಿಸಬೇಕು.