ಬಾಡಿಗೆ ಮನೆ: ಖರ್ಚೂ ತಲೆನೋವೂ ಕಡಿಮೆಯಾಗಬೇಕಾದರೆ

ಬೆಂಗಳೂರಿನಲ್ಲಿ 80 ಲಕ್ಷ ರೂಪಾಯಿಗೆ ಕೊಂಡ ಫ್ಲ್ಯಾಟ್‌ಗೆ ತಿಂಗಳಿಗೆ 25,000 ಬಾಡಿಗೆ ಬರುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3 ಲಕ್ಷ, ಅಂದರೆ ಹಾಕಿದ ಹಣಕ್ಕೆ ಶೇ 3.75. ಗೃಹಸಾಲದ ಬಡ್ಡಿ ಇದಕ್ಕಿಂತ ಬಹಳ ಹೆಚ್ಚು. ಇಷ್ಟು ತೆಳುವಾದ ಆದಾಯವನ್ನು ನುಂಗಿಹಾಕುವುದು ಹೆಚ್ಚಾಗಿ ಮನೆ ಖಾಲಿ ಬಿದ್ದ ತಿಂಗಳುಗಳು ಮತ್ತು ಬಾಡಿಗೆದಾರರೊಂದಿಗಿನ ಜಗಳ. ಇವೆರಡನ್ನೂ ತಡೆಯುವುದು ಮಾಲೀಕರ ಕೈಯಲ್ಲೇ ಇದೆ.

ಕೊಳ್ಳುವ ಮೊದಲು

ಖಾತಾ, ಋಣಭಾರ ಪ್ರಮಾಣಪತ್ರ, ಕಟ್ಟಡದ ಒ.ಸಿ. (ವಾಸಕ್ಕೆ ಯೋಗ್ಯವೆಂದು ಕೊಡುವ ಸ್ವಾಧೀನಾನುಭವ ಪತ್ರ) ಮೂರನ್ನೂ ವಕೀಲರಿಗೆ ತೋರಿಸಿ. ಪ್ರತಿ ಮನೆಗೂ ಪ್ರತ್ಯೇಕ ವಿದ್ಯುತ್ ಮೀಟರ್ ಇದೆಯೇ, ಕಾವೇರಿ ನೀರು ಬರುತ್ತದೆಯೇ, ಅಥವಾ ಬೇಸಿಗೆಯಿಡೀ ಟ್ಯಾಂಕರ್ ನಂಬಬೇಕೇ ಎಂದು ಅಲ್ಲಿಯೇ ವಾಸವಿರುವವರನ್ನು ಕೇಳಿ. 2024ರ ಬೇಸಿಗೆಯ ನೀರಿನ ಬರವನ್ನು ಕಂಡ ಯಾವ ಬಾಡಿಗೆದಾರರೂ ಈ ಪ್ರಶ್ನೆ ಕೇಳದೆ ಮುಂಗಡ ಕೊಡುವುದಿಲ್ಲ.

ಬಾಡಿಗೆ ನಿಗದಿ

ಇನ್ನೂ 2,000 ಹೆಚ್ಚು ಕೊಡುವವರು ಸಿಗಬಹುದೆಂದು ಕಾಯುವವರು ಈ ಲೆಕ್ಕ ನೋಡಲಿ. ಅದರಿಂದ ವರ್ಷಕ್ಕೆ ಸಿಗುವುದು 24,000. ಮನೆ ಒಂದೇ ತಿಂಗಳು ಖಾಲಿಯಿದ್ದರೆ ಹೋಗುವುದು 25,000. ಹೊಸಬರು ಬರುವಾಗ ಬಣ್ಣ ಹೊಡೆಸುವುದು, ದಲ್ಲಾಳಿಗೆ ಕೊಡುವುದು ಬೇರೆ. ಸಮಯಕ್ಕೆ ಸರಿಯಾಗಿ ಬಾಡಿಗೆ ಕೊಡುವ, ಮನೆಯನ್ನು ಚೊಕ್ಕಟವಾಗಿಟ್ಟುಕೊಳ್ಳುವ ಕುಟುಂಬವಿದ್ದರೆ ಏರಿಕೆಯಲ್ಲಿ ಸ್ವಲ್ಪ ಬಿಟ್ಟುಕೊಟ್ಟಾದರೂ ಅವರನ್ನು ಉಳಿಸಿಕೊಳ್ಳಿ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ.

ಕರಾರು ಮತ್ತು ಕೀಲಿ ಕೊಡುವ ದಿನ

ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. 11 ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದಲೇ. ಅವಧಿ ಎಷ್ಟೇ ಇರಲಿ, ಬಾಡಿಗೆ ಏರಿಕೆಯ ಪ್ರಮಾಣ, ನಿರ್ವಹಣಾ ಶುಲ್ಕ ಯಾರದು, ಬಿಡುವ ಮೊದಲು ಎಷ್ಟು ತಿಂಗಳ ನೋಟಿಸ್, ಬಣ್ಣಕ್ಕೆ ಎಷ್ಟು ಹಿಡಿದುಕೊಳ್ಳಲಾಗುತ್ತದೆ ಎಂಬುದೆಲ್ಲ ಅಂಕಿಗಳಲ್ಲಿರಲಿ. ‘ರೂಢಿಯಂತೆ’ ಎಂದು ಬರೆದ ಕಡೆಯೇ ಮುಂದೆ ಜಗಳ ಹುಟ್ಟುತ್ತದೆ.

ಕೀಲಿ ಕೊಡುವ ದಿನ ಬಾಡಿಗೆದಾರರ ಜೊತೆ ಕೋಣೆಕೋಣೆಗೂ ಹೋಗಿ. ಗೀಸರ್ ಹಾಕಿ ಬಿಸಿನೀರು ಬರುವವರೆಗೆ ನಿಲ್ಲಿ, ಪ್ರತಿ ನಲ್ಲಿಯನ್ನೂ ತಿರುಗಿಸಿ ನೋಡಿ. ವಾಷಿಂಗ್ ಮೆಷಿನ್ ಇಡುವ ಜಾಗದ ಹಿಂದಿನ ಗೋಡೆಯಲ್ಲಿ ತೇವದ ಕಲೆಯಿದ್ದರೆ ಅದರ ಫೋಟೊವನ್ನೂ ತೆಗೆದು, ಮೀಟರ್ ರೀಡಿಂಗ್ ಜೊತೆಗೆ ಇಬ್ಬರ ಮೊಬೈಲ್‌ನಲ್ಲೂ ಉಳಿಸಿ. ಎರಡು ವರ್ಷದ ಬಳಿಕ ‘ಈ ಕಲೆ ಮೊದಲೇ ಇತ್ತು’ ಎಂಬ ವಾದಕ್ಕೆ ಆಸ್ಪದವೇ ಇರುವುದಿಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಅನ್ನು ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಜೋಡಿಸಿದ್ದರೆ ಅದನ್ನು ಬಿಡಿಸಿದ್ದಾರೆಯೇ ಎಂದೂ ಖಚಿತಪಡಿಸಿಕೊಳ್ಳಿ.

ಮುಂಗಡ ನಿಮ್ಮ ಹಣವಲ್ಲ

ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೇಳುವವರು ಇಂದಿಗೂ ಇದ್ದಾರೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಎನ್ನುತ್ತದೆ. ಎಷ್ಟೇ ಪಡೆದರೂ ಅದನ್ನು ಪ್ರತ್ಯೇಕ ಠೇವಣಿಯಲ್ಲಿಡಿ. ಮಗಳ ಮದುವೆಗೆ, ಕಾರಿಗೆ ಖರ್ಚು ಮಾಡಿದರೆ ಮನೆ ಬಿಡುವವರಿಗೆ ಕೊಡಲು ಸಾಲ ಮಾಡಬೇಕಾಗುತ್ತದೆ. ತಿಂಗಳ ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಒಟ್ಟಿಗೆ ಪಡೆದು ಭೋಗ್ಯಕ್ಕೆ ಕೊಟ್ಟವರಿಗಂತೂ ಈ ಹೊರೆ ಹಲವು ಪಟ್ಟು.

ದುರಸ್ತಿ

ಸೋರುವ ನಲ್ಲಿಯನ್ನು ಅದೇ ವಾರ ಸರಿಪಡಿಸಿ. ತಡಮಾಡಿದಷ್ಟೂ ನೀರು ಗೋಡೆಗೆ ಇಳಿಯುತ್ತದೆ, ಬಾಡಿಗೆದಾರರ ಮನಸ್ಸೂ ಕೆಡುತ್ತದೆ.

ತೆರಿಗೆ

ಬೆಂಗಳೂರಿನಲ್ಲಿ ಬಾಡಿಗೆಗೆ ಕೊಟ್ಟ ಮನೆಯ ಆಸ್ತಿ ತೆರಿಗೆ ದರ ಸ್ವಂತ ವಾಸದ ಮನೆಗಿಂತ ಹೆಚ್ಚು. ಸ್ವಂತ ವಾಸವೆಂದು ಘೋಷಿಸಿ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಆದಾಯ ತೆರಿಗೆಯಲ್ಲಿ, ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು ಉಳಿದದ್ದರಲ್ಲಿ ಶೇ 30ರಷ್ಟಕ್ಕೆ ಯಾವ ರಸೀದಿಯೂ ಇಲ್ಲದೆ ವಿನಾಯಿತಿ ಸಿಗುತ್ತದೆ. ದುಬೈ, ಅಮೆರಿಕಗಳಲ್ಲಿದ್ದು ಇಲ್ಲಿ ಮನೆ ಬಾಡಿಗೆಗೆ ಕೊಟ್ಟ ಅನಿವಾಸಿಗಳ ವಿಷಯ ಬೇರೆ. ಅವರಿಗೆ ಬಾಡಿಗೆ ಕೊಡುವವರು ಶೇ 30ರಷ್ಟನ್ನು ಸೆಸ್ ಸಮೇತ ಮೊದಲೇ ಟಿಡಿಎಸ್ (ಮೂಲದಲ್ಲೇ ತೆರಿಗೆ ಕಡಿತ) ಎಂದು ಕಡಿತ ಮಾಡಬೇಕು. ನಿಜವಾದ ತೆರಿಗೆ ಅಷ್ಟಾಗದಿದ್ದರೆ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಆದಾಯ ತೆರಿಗೆ ಇಲಾಖೆಗೆ ಮುಂಚಿತವಾಗಿಯೇ ಅರ್ಜಿ ಹಾಕಿ. ಇಲ್ಲದಿದ್ದರೆ ಹೆಚ್ಚುವರಿ ಹಣ ಮರುಪಾವತಿಯಾಗುವವರೆಗೆ ಕಾಯಬೇಕಾಗುತ್ತದೆ.