ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತಿದೆಯೇ? ಬಲ್ಬಿಗೆ ಮೊದಲು ಅರ್ಥ್ ನೋಡಿ

ಕಾರಿನ ಹಿಂದಿನ ಲೈಟು ಕೈಕೊಟ್ಟರೆ ಎಲ್ಲರೂ ಮೊದಲು ತರುವುದು ಹೊಸ ಬಲ್ಬು. ಒಂದು ಬದಿಯಲ್ಲಿ ಒಂದೇ ದೀಪ ಆರಿದ್ದರೆ ಅದು ಸರಿಯೇ. ಆದರೆ ಬ್ರೇಕ್ ಒತ್ತಿದಾಗ ಅದೇ ಬದಿಯ ಇಂಡಿಕೇಟರ್ ಮಂದವಾಗಿ ಹೊತ್ತಿಕೊಂಡರೆ, ಇಂಡಿಕೇಟರ್ ಹಾಕಿದಾಗ ಪಾರ್ಕಿಂಗ್ ಲೈಟೂ ಅದರ ಜೊತೆ ತಾಳ ಹಾಕಿದರೆ, ಎಷ್ಟು ಬಲ್ಬು ಬದಲಿಸಿದರೂ ದುಡ್ಡು ದಂಡ. ಅದು ಅರ್ಥ್ ದೋಷ, ಅಂದರೆ ಬಲ್ಬಿನಿಂದ ಕರೆಂಟು ಕಾರಿನ ಲೋಹದ ಬಾಡಿಗೆ ಇಳಿಯುವ ದಾರಿ ಕೆಟ್ಟಿದೆ.

ಮೊದಲು ಏನು ಉರಿಯುತ್ತಿದೆ, ಏನು ಉರಿಯುತ್ತಿಲ್ಲ ಎಂದು ಸರಿಯಾಗಿ ನೋಡಿಕೊಳ್ಳಿ. ಜೊತೆಗೆ ಯಾರೂ ಇಲ್ಲದಿದ್ದರೆ ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸಿ, ಅಥವಾ ಸಂಜೆ ಗೋಡೆಗೆ ಬೆನ್ನು ಮಾಡಿ ಕಾರು ನಿಲ್ಲಿಸಿ ಕನ್ನಡಿಯಲ್ಲಿ ನೋಡಿ. ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್, ರಿವರ್ಸ್ ಒಂದೊಂದನ್ನೇ ಹಾಕಿ, ಆಮೇಲೆ ಎರಡೆರಡನ್ನು ಒಟ್ಟಿಗೆ ಹಾಕಿ. ಕೆಲವು ಅರ್ಥ್ ದೋಷ ಬಯಲಾಗುವುದು ಒಟ್ಟಿಗೆ ಹಾಕಿದಾಗಲೇ.

ಬಲ್ಬು ಬಿಚ್ಚಲು ಡಿಕ್ಕಿ ತೆರೆದು ಲೈಟಿನ ಸ್ಕ್ರೂಗಳನ್ನು ತೆಗೆದು ಲೈಟನ್ನು ನೇರ ಹಿಂದಕ್ಕೆ ಎಳೆಯಿರಿ. ಪಕ್ಕದ ಪ್ಲಾಸ್ಟಿಕ್ ಗೂಟಗಳು ಗಟ್ಟಿಯಾಗಿ ಕೂತಿರುತ್ತವೆ, ಓರೆಯಾಗಿ ಎಳೆದರೆ ಮುರಿಯುತ್ತವೆ. ಹೋಲ್ಡರ್ ತಿರುಗಿಸಿದರೆ ಬಲ್ಬು ಕೈಗೆ ಬರುತ್ತದೆ. ಬ್ರೇಕ್ ಮತ್ತು ಪಾರ್ಕಿಂಗ್ ಎರಡಕ್ಕೂ ಸಾಮಾನ್ಯವಾಗಿ ಒಂದೇ ಬಲ್ಬು: 12 ವೋಲ್ಟ್, 21/5 ವ್ಯಾಟ್, ಅಂಗಡಿಯಲ್ಲಿ ಡಬಲ್ ಕಾಂಟ್ಯಾಕ್ಟ್ ಎಂದು ಕೇಳಿ. ಒಳಗೆ ಉರಿಯುವ ಎರಡು ತಂತಿ (ಬ್ರೇಕಿಗೆ 21 ವ್ಯಾಟ್, ಪಾರ್ಕಿಂಗಿಗೆ 5), ಬುಡದಲ್ಲಿ ಎರಡು ಸೀಸದ ಗುಂಡು. ಪಕ್ಕದ ಎರಡು ಮೊಳೆಗಳು ಒಂದೇ ಎತ್ತರದಲ್ಲಿರುವುದಿಲ್ಲ, ಬಲ್ಬು ತಿರುವುಮುರುವಾಗಿ ಕೂರಬಾರದು ಅಂತಲೇ ಹಾಗೆ ಮಾಡಿರುವುದು. ಬಲವಂತವಾಗಿ ತಿರುಚಿ ಕೂರಿಸಿದರೆ 21 ವ್ಯಾಟಿನ ತಂತಿ ಪಾರ್ಕಿಂಗಿಗೆ ಹೋಗುತ್ತದೆ: ರಾತ್ರಿಯಿಡೀ ಬ್ರೇಕ್ ಹಿಡಿದಂತೆ ಉರಿದು, ನಿಜವಾಗಿ ಬ್ರೇಕ್ ಒತ್ತಿದಾಗ ಹಿಂದಿನವನಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಈಗ ಅರ್ಥ್. ಒಂದು ಬದಿಯ ಎಲ್ಲ ಬಲ್ಬುಗಳಿಗೂ ಸೇರಿ ಕಾರಿನ ಬಾಡಿಗೆ ಹೋಗುವುದು ಸಾಮಾನ್ಯವಾಗಿ ಒಂದೇ ವೈರು, ಬಹುಪಾಲು ಕಾರುಗಳಲ್ಲಿ ಕಪ್ಪು. ಅದರ ತುದಿಗೆ ತುಕ್ಕು ಹಿಡಿದರೆ ಬ್ರೇಕಿನ ಕರೆಂಟಿಗೆ ಇಳಿಯಲು ದಾರಿಯಿಲ್ಲ. ಅದು ಪಕ್ಕದ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಇನ್ನೊಂದು ಬದಿಯ ಅಥವಾ ಮುಂದಿನ ಬಲ್ಬಿನ ಮೂಲಕ ಬಾಡಿ ಸೇರುತ್ತದೆ. ದಾರಿಯಲ್ಲಿ ಸಿಕ್ಕಿದ್ದೆಲ್ಲ ಮಂದವಾಗಿ ಹೊತ್ತುತ್ತದೆ, ಕೆಲವೊಮ್ಮೆ ಮೀಟರ್ ಬೋರ್ಡಿನ ದೀಪವೂ. ಕರಾವಳಿ, ಮಲೆನಾಡಿನ ಕಾರುಗಳಲ್ಲಿ ಮಳೆಗಾಲ ಮುಗಿದ ಮೇಲೆ ಇದು ಮಾಮೂಲು.

ಪರೀಕ್ಷೆ ಹೀಗೆ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಬಲ್ಬು ಹೋಲ್ಡರಿನಲ್ಲೇ ಇರಲಿ, ಬ್ರೇಕ್ ಒತ್ತಿರಲಿ. ಕೆಂಪು ಮೊನೆ ಹೋಲ್ಡರಿನ ಅರ್ಥ್ ತಗಡಿಗೆ, ಕಪ್ಪು ಮೊನೆ ಬಣ್ಣ ಕೆರೆದ ಬಾಡಿಯ ಲೋಹಕ್ಕೆ. 0.2 ವೋಲ್ಟಿನೊಳಗೆ ತೋರಿಸಿದರೆ ಅರ್ಥ್ ಸರಿಯಿದೆ. ಒಂದೆರಡು ವೋಲ್ಟ್ ಬಂದರೆ ಕಳ್ಳ ಸಿಕ್ಕಿದ. ಮೀಟರ್ ಇಲ್ಲವೇ? ಒಂದು ಮೀಟರ್ ಉದ್ದದ ವೈರಿನ ಒಂದು ತುದಿ ಅರ್ಥ್ ತಗಡಿಗೆ, ಇನ್ನೊಂದು ತುದಿ ಅದೇ ಕೆರೆದ ಜಾಗಕ್ಕೆ ಹಿಡಿಯಿರಿ. ಎಲ್ಲ ದೀಪ ತಕ್ಷಣ ಸರಿಹೋದರೆ ಅದೇ ಉತ್ತರ.

ಕಪ್ಪು ವೈರನ್ನು ಹಿಡಿದು ಹೋದರೆ ಬಾಡಿಗೆ ಬಿಗಿದ ಬೋಲ್ಟು ಸಿಗುತ್ತದೆ, ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರಿನದು. ಬ್ಯಾಟರಿಯ ನೆಗೆಟಿವ್ ಕಳಚಿ, ಬೋಲ್ಟು ಬಿಚ್ಚಿ, ವೈರಿನ ತುದಿಯ ಲೋಹದ ಬಳೆಯನ್ನೂ (ಲಗ್) ಅದು ಕೂರುವ ಜಾಗವನ್ನೂ ಸ್ಯಾಂಡ್ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿ. ವ್ಯಾಸಲೀನ್ ಅಥವಾ ಗ್ರೀಸನ್ನು ಬಿಗಿದ ಮೇಲೆ ಹೊರಗಿನಿಂದ ಬಳಿಯಿರಿ. ಬೋಲ್ಟು ಚೆನ್ನಾಗಿದ್ದರೆ ಹೋಲ್ಡರಿನೊಳಗಿನ ಹಿತ್ತಾಳೆ ನಾಲಿಗೆಗಳನ್ನು ನೋಡಿ: ಹಸಿರು ಪುಡಿ ಕೂತಿದ್ದರೆ ಕೆರೆಯಿರಿ, ಸೊರಗಿ ಕೆಳಗಿಳಿದಿದ್ದರೆ ಸಣ್ಣ ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಮೇಲೆತ್ತಿ. ಪ್ಲಾಸ್ಟಿಕ್ ಕಂದಿ ಕರಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಹೋಲ್ಡರ್ ಬದಲಿಸಿ.

ಎರಡೂ ಬ್ರೇಕ್ ಲೈಟು ಒಟ್ಟಿಗೆ ಹೋಗಿದ್ದರೆ ಫ್ಯೂಸ್ ನೋಡಿ, ಆಮೇಲೆ ಪೆಡಲಿನ ಮೇಲಿರುವ ಸ್ವಿಚ್. ಎರಡೇ ವೈರಿನ ಸ್ವಿಚ್ ಆದರೆ ಕಪ್ಲರ್ (ವೈರುಗಳ ಪ್ಲಗ್ಗು) ಕಳಚಿ ಎರಡನ್ನೂ ತುಂಡು ವೈರಿನಿಂದ ಸೇರಿಸಿ; ಲೈಟು ಬಂದರೆ ಸ್ವಿಚ್ ಸತ್ತಿದೆ. ನಾಲ್ಕು ವೈರಿದ್ದರೆ ಹಾಗೆ ಸೇರಿಸಬೇಡಿ, ಮೀಟರಿನಲ್ಲೇ ನೋಡಿ. ಬ್ರೇಕ್ ಲೈಟು ಆರುವುದೇ ಇಲ್ಲವಾದರೆ ಪೆಡಲಿನ ಕೆಳಗೆ ಮ್ಯಾಟಿನ ಮೇಲೆ ರಬ್ಬರ್ ಅಥವಾ ಪ್ಲಾಸ್ಟಿಕ್ ಚೂರು ಬಿದ್ದಿದೆಯೇ ಹುಡುಕಿ. ಸ್ವಿಚ್ಚನ್ನು ಒತ್ತಿ ಹಿಡಿಯುವ ಬಿರಡೆ ಪುಡಿಯಾಗಿರುತ್ತದೆ. ಎರಡು 21 ವ್ಯಾಟ್ ಬಲ್ಬು ಸುಮಾರು 3.5 ಆಂಪಿಯರ್ ಎಳೆಯುತ್ತವೆ; 35 ಆಂಪಿಯರ್ ಅವರ್ ಬ್ಯಾಟರಿ ಬರಿದಾಗಲು ಒಂದು ರಾತ್ರಿ ಸಾಕು.

ಫ್ಯೂಸ್ ಪದೇ ಪದೇ ಹಾರುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ, ವೈರಿಂಗೇ ಸುಟ್ಟೀತು. ಡಿಕ್ಕಿ ಬಾಗಿಲಿನ ರಬ್ಬರ್ ಕೊಳವೆ ಬಿಚ್ಚಿ ನೋಡಿ. ಬಾಗಿಲು ತೆರೆದು ಮುಚ್ಚುವಾಗ ಮಡಚಿ ಮಡಚಿ ವೈರುಗಳು ಅಲ್ಲೇ ಸವೆದು ಬಾಡಿಗೆ ತಾಗುತ್ತವೆ, ಇಲ್ಲವೇ ತುಂಡಾಗಿ ನಂಬರ್ ಪ್ಲೇಟ್ ಲೈಟು ಆರುತ್ತದೆ. ಮಡಚುವ ಜಾಗದಲ್ಲೇ ಗಂಟು ಹಾಕಿದರೆ ಮತ್ತೆ ತುಂಡಾಗುತ್ತದೆ. 15 ಸೆಂ.ಮೀ. ಹೊಸ ವೈರು ಸೇರಿಸಿ, ಬೆಸುಗೆಗಳು ಕೊಳವೆಯ ಎರಡೂ ತುದಿಗಳ ಆಚೆ ಬರುವಂತೆ ಮಾಡಿ, ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕವಚ) ತೊಡಿಸಿ.

ಇಂಡಿಕೇಟರ್ ಇದ್ದಕ್ಕಿದ್ದಂತೆ ಟಕಟಕ ಎಂದು ಬೇಗ ಬಡಿದುಕೊಂಡರೆ ಆ ಬದಿಯಲ್ಲಿ ಒಂದು ಬಲ್ಬು ಹೋಗಿದೆ. ಎಲ್‌ಇಡಿ ಬಲ್ಬು ಹಾಕಿದ ಮೇಲೆ ಶುರುವಾಗಿದ್ದರೆ ದೋಷವೇನಿಲ್ಲ, ಕರೆಂಟ್ ಕಡಿಮೆ ಎಳೆಯುವುದರಿಂದ ಇಂಡಿಕೇಟರನ್ನು ಮಿಣುಕಿಸುವ ಫ್ಲ್ಯಾಷರಿಗೆ ಬಲ್ಬೇ ಇಲ್ಲವೆನಿಸುತ್ತದೆ. ಕಾರಿಗೇ ಕೂರಿಸಿ ಬಂದ ಎಲ್‌ಇಡಿ ಲೈಟಾದರೆ ಬಿಚ್ಚಿ ಬದಲಿಸಲು ಬಲ್ಬಿಲ್ಲ, ಇಡೀ ಲೈಟೇ ಬದಲಾಗಬೇಕು. ಅಷ್ಟು ದುಡ್ಡು ಕೊಡುವ ಮುನ್ನ ಕಪ್ಲರಿನಲ್ಲಿ 12 ವೋಲ್ಟ್ ಬರುತ್ತಿದೆಯೇ, ಅರ್ಥ್ ಸರಿಯಿದೆಯೇ ಎಂದು ನೋಡಿಯೇ ಅಂಗಡಿಗೆ ಹೋಗಿ.